ಗಡಿಕಲ್ಲಿನಾಚೆಯ ಹೊಗೆ

ಬಿಳಿ ಪಂಚೆಯ ವಿಷಯದಲ್ಲಿ ನಾನು ಸ್ವಲ್ಪ ದುರಭಿಮಾನಿ. ನಿವೃತ್ತನಾದ ಗೃಹಸ್ಥನಿಗೆ ಉಳಿಯುವ ಅಧಿಕಾರಗಳು ಬಹಳ ಕಡಿಮೆಯೆಂಬುದನ್ನು ಆ ಅವಸ್ಥೆಗೆ ತಲುಪಿದ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ನನಗೆ ಉಳಿದಿರುವುದು ನನ್ನ ಪಂಚೆಯನ್ನು ನಾನೇ ಒಗೆದು, ನಾನೇ ನೀಲಿ ಹಾಕಿ, ಮಾಳಿಗೆಯ ತಂತಿಯ ಮೇಲೆ ಒಂದು ಸುಕ್ಕೂ ಇಲ್ಲದಂತೆ ಹರವುವ ಅಧಿಕಾರವೊಂದೇ. ಹಾಗೆ ಹರವಿದ ಪಂಚೆಯ ಮೇಲೆ ಈಚಿನ ಕೆಲವು ವರ್ಷಗಳಿಂದ, ದೀಪಾವಳಿ ಕಳೆದು ಚಳಿ ಕಾಲಿಡುವ ಹೊತ್ತಿಗೆ, ಎಳ್ಳಿನಷ್ಟು ಸಣ್ಣ ಕರಿ ಚುಕ್ಕೆಗಳು ಬೀಳತೊಡಗಿವೆ. ಬೆರಳಿನಿಂದ ಒರಸಿದರೆ ಚುಕ್ಕೆ ಹೋಗುವುದಿಲ್ಲ, ಗೆರೆಯಾಗುತ್ತದೆ. ಮೂಗಿನ ಹತ್ತಿರ ಹಿಡಿದರೆ ಸುಟ್ಟ ನಾರಿನ ಘಾಟು ವಾಸನೆ. ಬೆಳಬೆಳಿಗ್ಗೆ ನಾನು ಪಂಚೆಯನ್ನು ಹೀಗೆ ಆಘ್ರಾಣಿಸುತ್ತ ನಿಲ್ಲುವುದನ್ನು ಕಂಡು ನನ್ನ ಹೆಂಡತಿ ಸರೋಜ, "ಇನ್ನೊಂದು ಸಲ ಮೂಸಿ ನೋಡ್ರಿ, ಯಾರ ರಾಶಿದು ಅಂತ ಹೆಸರು ಸಮೇತ ಗೊತ್ತಾದೀತು" ಎಂದು ಕೆಣಕುತ್ತಾಳೆ.

ಅವಳ ಕೆಣಕಿಗೆ ಕಾರಣವಿದೆ. ಯಾವುದು ಯಾರದು ಎಂದು ಹೇಳುವುದೇ ನನ್ನ ವೃತ್ತಿಯಾಗಿತ್ತು. ನಾನು ಸರ್ವೆ ಇಲಾಖೆಯಲ್ಲಿದ್ದವನು. ಚನ್ನಗಿರಿ, ಹೊನ್ನಾಳಿ, ಜಗಳೂರುಗಳಲ್ಲಿ ಸರಪಳಿ ಎಳೆದು, ಮುಳ್ಳುಬೇಲಿಯೊಳಗೆ ನುಗ್ಗಿ, ಹೂತುಹೋದ ಬಾಂದುಕಲ್ಲುಗಳನ್ನು ಹಾರೆಯಿಂದ ಎಬ್ಬಿಸಿ, ಇದು ಅಣ್ಣನದು ಇದು ತಮ್ಮನದು ಎಂದು ತೀರ್ಮಾನ ಹೇಳಿ, ಇಬ್ಬರಿಂದಲೂ ಬೈಸಿಕೊಂಡು ಮನೆಗೆ ಬಂದವನು. ಒಂದೇ ಆಗಿದ್ದ ಹೊನ್ನಾಳಿ ಒಡೆದು ನ್ಯಾಮತಿ ಬೇರೆ ತಾಲ್ಲೂಕಾದಾಗ ನಕ್ಷೆಗಳು ಹಂಚಿಕೆಯಾದವು, ಕಪಾಟುಗಳು ಹಂಚಿಕೆಯಾದವು, ನೆಟ್ಟಗೆ ನಿಲ್ಲದ ಒಂದು ಕುರ್ಚಿ ಯಾರಿಗೆ ಸೇರಬೇಕೆಂಬುದರ ಬಗೆಗೂ ಗಂಭೀರವಾದ ಚರ್ಚೆಯಾಯಿತು. ನೆಲವನ್ನು ಹಂಚಿದ ನಮಗೆ ಅದರ ಮೇಲಿನ ಗಾಳಿಯನ್ನು ಯಾರ ಪಾಲಿಗೆ ಬರೆಯಬೇಕೆಂಬ ಪ್ರಶ್ನೆ ಮಾತ್ರ ಆಗ ಹೊಳೆಯಲಿಲ್ಲ.

ಗಾಳಿಗೆ ತನ್ನದೇ ಆದ ಪಂಚಾಂಗವಿದೆ. ಮಳೆಗಾಲದುದ್ದಕ್ಕೂ ಅದು ಪಡುವಣದಿಂದ ಬೀಸುತ್ತದೆ. ನ್ಯಾಮತಿ, ಹೊನ್ನಾಳಿಗಳನ್ನು ಹಾದು, ಸಂತೇಬೆನ್ನೂರಿನ ನಮ್ಮ ಮಾಳಿಗೆಯನ್ನು ಒಮ್ಮೆ ತಡವಿ, ಜಗಳೂರಿನ ಬಯಲಿನ ಕಡೆಗೆ ಓಡುತ್ತದೆ. ದೀಪಾವಳಿಯ ಆಸುಪಾಸಿನಲ್ಲಿ ಒಂದೆರಡು ದಿನ ಎತ್ತ ಹೋಗಲೆಂದು ತಿಳಿಯದೆ ನಿಲ್ಲುತ್ತದೆ. ಆಮೇಲೆ ಅದೇ ದಾರಿಯಲ್ಲಿ ಹಿಂದಕ್ಕೆ ತಿರುಗಿ ಮೂಡಗಾಳಿಯಾಗಿ ಬರುತ್ತದೆ. ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ಜಗಳೂರಿನಿಂದ ಕೆಂಪು ದೂಳು ತರುತ್ತದೆ, ಮುಂದೆ ಹೋಗುತ್ತ ಊರೂರಿನ ಹೊಗೆಯನ್ನೂ ಹೊತ್ತುಕೊಳ್ಳುತ್ತದೆ. ಹೊನ್ನಾಳಿಯ ಕಡೆ ಯಂತ್ರದಿಂದ ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಉಳಿದ ಹುಲ್ಲಿಗೆ ಬೆಂಕಿ ಬೀಳುತ್ತದೆ, ನ್ಯಾಮತಿಯ ಕಣಗಳಲ್ಲಿ ಮೆಕ್ಕೆಜೋಳ ಬಿಡಿಸಿದ ಬೆಂಡು ಉರಿಯುತ್ತದೆ, ನಮ್ಮ ಚನ್ನಗಿರಿ ಸೀಮೆಯಲ್ಲಿ ಅಡಿಕೆ ಸಿಪ್ಪೆ ಹೊಗೆಯಾಡುತ್ತದೆ. ಮಳೆಗಾಲದಲ್ಲಾದರೆ ಇದೆಲ್ಲ ಮೇಲೆದ್ದು ಎಲ್ಲಿಗೋ ಹೋಗುತ್ತಿತ್ತು. ಚಳಿಗಾಲದ ಭಾರವಾದ ಆಕಾಶ ಅದನ್ನು ಏಳಗೊಡುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೂಳೆಕೆರೆಯ ಏರಿಯ ಮೇಲೆ ನಿಂತರೆ ಆಚೆ ದಡದಲ್ಲಿ ನೆಟ್ಟ ನಮ್ಮ ಕೆಂಪು-ಬಿಳಿ ಕೋಲು ಕಣ್ಣಿಗೆ ಕಾಣುತ್ತಿತ್ತೆಂದು ಈಗ ಯಾರಿಗಾದರೂ ಹೇಳಿದರೆ, ವಯಸ್ಸಾದವನ ಉತ್ಪ್ರೇಕ್ಷೆಯೆಂದು ನಗುತ್ತಾರೆ. ಈಗ ಡಿಸೆಂಬರಿನ ಬೆಳಿಗ್ಗೆ ಕೋಲು ಹಾಗಿರಲಿ, ಆಚೆಯ ಗುಡ್ಡವೇ ಇರುವುದಿಲ್ಲ. ಸೂರ್ಯ ಕೂಡ ಎದ್ದು ಬಹಳ ಹೊತ್ತಿನ ತನಕ ಕುಂಕುಮದ ಬಟ್ಟಿನಂತೆ ಸುಮ್ಮನೆ ಅಂಟಿಕೊಂಡಿರುತ್ತಾನೆ.

ಅಡಿಕೆ ಸಿಪ್ಪೆಯ ಸ್ವಭಾವವನ್ನು ಅರಿಯದವರಿಗಾಗಿ ಎರಡು ಮಾತು. ಕಾಯಿ ಸುಲಿದ ಮೇಲೆ ಉಳಿಯುವ ಈ ಹಸಿ ನಾರನ್ನು ದನ ಮುಟ್ಟುವುದಿಲ್ಲ, ಮಣ್ಣು ಬೇಗ ನುಂಗುವುದಿಲ್ಲ. ಸುಲಿಯುವ ಯಂತ್ರ ಬಂದ ಮೇಲಂತೂ ಒಂದು ಮನೆಯ ಸಿಪ್ಪೆಯೇ ಟ್ರ್ಯಾಕ್ಟರುಗಟ್ಟಲೆ. ಅದನ್ನು ತಂದು ರಸ್ತೆಯ ಬದಿಗೆ ಸುರಿಯುತ್ತಾರೆ. ಸುರಿದದ್ದು ಒಂದು ದಿನ ಹೊತ್ತಿಕೊಳ್ಳುತ್ತದೆ. ಹೊತ್ತಿಸಿದವರು ಯಾರೆಂದು ಕೇಳಿದರೆ ಇಡೀ ತಾಲ್ಲೂಕಿನಲ್ಲಿ ಒಬ್ಬರೂ ಸಿಕ್ಕುವುದಿಲ್ಲ. "ಅದರಷ್ಟಕ್ಕೆ ಅದೇ ಹತ್ಕಂತೈತೆ ಸಾರ್" ಎಂಬುದು ಸರ್ವಾನುಮತದ ಉತ್ತರ. ಈ ಬೆಂಕಿಗೆ ಜ್ವಾಲೆಯಿಲ್ಲ. ಮೇಲೆ ಬೂದಿ, ಒಳಗೆ ಕೆಂಡ, ಸುತ್ತ ಹೊಗೆ. ಮೇಲಿನಿಂದ ನೀರು ಹೊಯ್ದರೆ ಕೋಪಗೊಂಡಂತೆ ಹೊಗೆ ಇಮ್ಮಡಿಯಾಗುತ್ತದೆ, ವಾರಗಟ್ಟಲೆ ಆರುವುದಿಲ್ಲ.

ರಾಶಿ ಎಲ್ಲಿ ಬೀಳುತ್ತದೆಂಬುದರಲ್ಲೂ ಒಂದು ಶಿಸ್ತಿದೆ. ಊರ ನಡುವೆ ಬೀಳುವುದಿಲ್ಲ, ಊರ ಗಡಿಯಲ್ಲಿ ಬೀಳುತ್ತದೆ, ಸಾಧ್ಯವಾದರೆ ಗಡಿಗಿಂತ ನಾಲ್ಕು ಮಾರು ಆಚೆಗೆ. ಇದನ್ನು ಕಂಡಾಗಲೆಲ್ಲ ನನಗೆ ನನ್ನ ಅಜ್ಜಿಯ ಕಾಲದ ಗಡಿಮಾರಿಯ ನೆನಪಾಗುತ್ತದೆ. ಊರಿಗೆ ಕಾಯಿಲೆ ಬಂದರೆ, ಒಂದು ಹಳೆಯ ಮೊರದಲ್ಲಿ ಬೇವಿನ ಸೊಪ್ಪು, ಅರಿಸಿನದ ಅನ್ನ, ಒಡಕು ಬಳೆ, ಸವೆದ ಪೊರಕೆ ಇಟ್ಟು, ಮಾರಿಯಮ್ಮನನ್ನು ಅದರಲ್ಲಿ ಕೂರಿಸಿ, ಗಡಿಕಲ್ಲಿನ ತನಕ ಹೊತ್ತು ಆಚೆಗೆ ಇಳಿಸಿ ಬರುತ್ತಿದ್ದರು. ಬರುವಾಗ ಹಿಂದಿರುಗಿ ನೋಡಬಾರದು. ಬೆಳಗಾದರೆ ಆಚೆ ಊರಿನವರು ಮೊರವನ್ನು ನೋಡಿ, ಕಾಯಿ ಒಡೆದು, ಭಕ್ತಿಯಿಂದಲೇ ಎತ್ತಿಕೊಂಡು ತಮ್ಮ ಊರಿನ ಇನ್ನೊಂದು ತುದಿಯ ಗಡಿಗೆ ಸಾಗಿಸುತ್ತಿದ್ದರು. ಹೀಗೆ ಊರಿಂದ ಊರಿಗೆ ಅಮ್ಮನ ಸವಾರಿ. ನಾನು ಅಜ್ಜಿಯನ್ನು, ಕಟ್ಟಕಡೆಯ ಊರಿನವರು ಏನು ಮಾಡುತ್ತಾರೆ ಎಂದು ಕೇಳಿದ್ದೆ. "ಕಟ್ಟಕಡೀ ಊರು ಅಂಬೋದು ಎಲ್ಲೈತೋ ಹುಚ್ಚಪ್ಪ" ಎಂದು ಅಜ್ಜಿ ತಲೆಗೆ ಎಣ್ಣೆ ತಿಕ್ಕಿದ್ದಳು. ಅದು ಉತ್ತರವೆಂದು ನನಗೆ ಆಗ ಅನ್ನಿಸಿರಲಿಲ್ಲ.

ಈಗ ನನ್ನ ಅಕ್ಕ ಗೌರಮ್ಮನ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಆ ಸಂಜೆಯ ಕಥೆಗೆ ಕೈಹಾಕಲು ಭಯವಾಗಿಯೇ. ಅಕ್ಕನನ್ನು ಉಬ್ರಾಣಿಯ ಕಡೆ ಒಂದು ಸಣ್ಣ ಊರಿಗೆ ಕೊಟ್ಟಿದೆ. ಅವಳಿಗೆ ಮೊದಲಿನಿಂದಲೂ ಉಬ್ಬಸ. ಮಾತಿನ ನಡುವೆ ಉಸಿರಿಗಾಗಿ ಒಂದು ಗಳಿಗೆ ನಿಲ್ಲುತ್ತಾಳೆ, ನಾವು ಕಾಯುತ್ತೇವೆ, ಮುಂದುವರಿಸುತ್ತಾಳೆ. ನಮ್ಮ ಮನೆಯಲ್ಲಿ ಅವಳ ಮಾತನ್ನು ಯಾರೂ ನಡುವೆ ಕತ್ತರಿಸುವುದಿಲ್ಲ. ಆ ನಿಲುಗಡೆಗಳಿಂದಾಗಿಯೇ ಅವಳು ಬೈದರೂ ಯೋಚಿಸಿ ಬೈದಂತೆ ಕೇಳಿಸಿ, ಬೈಸಿಕೊಂಡವರಿಗೆ ಹೆಚ್ಚು ತಾಗುತ್ತದೆ. ಸೊಂಟದ ಬಳಿ ಸೆರಗಿನ ಗಂಟಿನಲ್ಲಿ ಸದಾ ಒಂದು ಪಂಪು; ಎದೆ ಬಿಗಿದಾಗ ಬಾಯಿಗೆ ಒತ್ತಿಕೊಂಡು ಔಷಧ ಎಳೆದುಕೊಳ್ಳುವುದು. ಅವಳ ಗಂಡ ರುದ್ರಪ್ಪ ಭಾವ ಒಳ್ಳೆಯ ಮನುಷ್ಯ, ಹಟಮಾರಿ. ಸ್ವಂತ ತೋಟವಿಲ್ಲ, ಖೇಣಿ ಮಾಡುತ್ತಾರೆ, ಅಂದರೆ ಬೇರೆಯವರ ತೋಟದ ಫಸಲನ್ನು ಮರದಲ್ಲಿರುವಾಗಲೇ ಹಿಡಿದು, ಕೊಯ್ಸಿ, ಸುಲಿಸಿ, ಬೇಯಿಸಿ, ಒಣಗಿಸುವ ಕಸುಬು. ಹಾಗಾಗಿ ಹತ್ತು ತೋಟದ ಸಿಪ್ಪೆ ಒಂದೇ ಅಂಗಳಕ್ಕೆ ಬೀಳುತ್ತದೆ.

ಹೆಂಡತಿಯ ಉಬ್ಬಸವನ್ನು ಭಾವ ಮರೆತವರಲ್ಲ. ಗಣೇಶನ ಹಬ್ಬ ಮುಗಿಯುತ್ತಿದ್ದಂತೆ ನನ್ನನ್ನು ಕರೆಸಿಕೊಂಡರು. "ನಿಮ್ಮಕ್ಕಂಗೆ ಹೊಗೆ ಆಗಿಬರಂಗಿಲ್ಲ, ನಮ್ಮೂರಾಗೆ ಒಂದು ಬುಟ್ಟೀನೂ ಹಾಕಬಾರದು ಅಂತ ಮಾಡೀನಿ. ಗಡಿ ಕಲ್ಲು ಎಲ್ಲೈತೆ ಅಂತ ಸರ್ಯಾಗಿ ತೋರ್ಸಿಬಿಡು, ಅದರಾಚೆ ಹಾಕ್ಸಿಬಿಡ್ತೀನಿ" ಎಂದರು. ನಿವೃತ್ತನಾದ ಮೇಲೆ ಯಾರಾದರೂ ನನ್ನ ವಿದ್ಯೆಯನ್ನು ಕೇಳಿದ್ದು ಅದೇ ಮೊದಲು. ನಾನು ಸಂಭ್ರಮದಿಂದ ಹೊರಟೆ. ಊರಿನ ಮೂಡಣಕ್ಕೆ, ರಸ್ತೆ ಕಿರಿದಾಗಿ ಒಂದು ಬದಿಗೆ ಆಳವಾದ ಹಳ್ಳವಿರುವ ಜಾಗದಲ್ಲಿ, ಲಂಟಾನದ ಪೊದೆಯನ್ನು ಕೋಲಿನಿಂದ ಸರಿಸಿ, ಇಂಥಲ್ಲಿಯೇ ಇರಬೇಕು ಎಂದು ಕೆದಕಿಸಿದೆ; ಕಲ್ಲು ಅಲ್ಲಿಯೇ ಇತ್ತು. ಭಾವ ನನ್ನ ಬೆನ್ನು ತಟ್ಟಿದರು. ಪಡುಗಾಳಿ ಬೀಸುತ್ತಿತ್ತು. ಗಡಿಯಾಚೆ ಸುರಿದ ರಾಶಿ ಕೆಲವೇ ದಿನಗಳಲ್ಲಿ ಅದರಷ್ಟಕ್ಕೆ ಅದೇ ಹೊತ್ತಿಕೊಂಡಿತು, ಹೊಗೆ ವಿಧೇಯತೆಯಿಂದ ಆಚೆ ಊರಿನ ಕಡೆಗೆ ಸಾಗಿತು, ಅಕ್ಕನ ಮನೆಯ ಅಂಗಳದಲ್ಲಿ ಮಲ್ಲಿಗೆಯ ವಾಸನೆ ಮಲ್ಲಿಗೆಯಂತೆಯೇ ಉಳಿಯಿತು.

ಗಾಳಿಯ ಪಂಚಾಂಗವನ್ನು ಬಲ್ಲೆನೆಂದು ಮೇಲೆ ಜಂಭ ಕೊಚ್ಚಿದೆನಲ್ಲ, ಆ ದಿನ ಕಲ್ಲಿನ ಬಳಿ ನಿಂತಾಗ ಅದು ನನ್ನ ನೆನಪಿಗೆ ಬರಲಿಲ್ಲ. ಭಾವನಿಗೂ ಬರಲಿಲ್ಲ.

ದೀಪಾವಳಿ ಕಳೆದ ವಾರದಲ್ಲಿ ಅಕ್ಕ ಹೋಳಿಗೆಗೆ ಕರೆದಿದ್ದಳು. ಮಧ್ಯಾಹ್ನ ಉಂಡು, ಹೊರಡುವ ಮೊದಲು ಒಂದು ಲೋಟ ಚಹಾ ಎಂದು ಕುಳಿತಿದ್ದೇವೆ, ಹೊತ್ತು ಇಳಿಯಿತು. ಹಿಂದಿನ ದಿನವೇ ಗಾಳಿ ತಿರುಗಿತ್ತು. ಮೊದಲು ಹಿತ್ತಿಲಿನ ತೆಂಗಿನ ಗರಿಗಳು ಮಸುಕಾದವು, ಆಮೇಲೆ ಎದುರು ಮನೆಯ ಹಂಚು. ಅಕ್ಕ ಎದ್ದು ಕಿಟಕಿ ಹಾಕಿದಳು. ಪಂಪನ್ನು ಬಾಯಿಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. "ಏನಿಲ್ಲ, ಹಿಂಗೇ ಕುಂದ್ರತೀನಿ" ಎಂದವಳು ಮಂಚದ ಅಂಚಿಗೆ ಎರಡೂ ಕೈ ಊರಿ ಮುಂದಕ್ಕೆ ಬಾಗಿದಳು. ಭುಜಗಳು ಮೇಲೇಳತೊಡಗಿದವು. ನಾವು ಎಂದಿನಂತೆ ಅವಳ ಮುಂದಿನ ಮಾತಿಗಾಗಿ ಕಾದೆವು. ಮಾತು ಬರಲಿಲ್ಲ. ಎದೆಯೊಳಗಿನಿಂದ ಸಣ್ಣ ಸಿಳ್ಳೆಯಂಥ ಸದ್ದು ಮಾತ್ರ ಬಂತು, ತುಟಿಯ ಬಣ್ಣ ಬೇರೆಯಾಗುತ್ತಿತ್ತು. ಚನ್ನಗಿರಿಯ ಆಸ್ಪತ್ರೆಗೆ ಒಯ್ದು ಯಂತ್ರದಿಂದ ಔಷಧದ ಹಬೆ ಕೊಡಿಸದೆ ಬೇರೆ ದಾರಿಯಿಲ್ಲವೆಂದು ಮೂವರಿಗೂ ಗೊತ್ತಾಯಿತು.

ಆ ಸುತ್ತಿನಲ್ಲಿ ಕರೆದ ಕೂಡಲೇ ಬರುವ ಗಾಡಿ ಬಾಬಣ್ಣನ ಓಮ್ನಿಯೊಂದೇ. ಬಾಬಣ್ಣ ಆಚೆ ಊರಿನವನು. ಪಂಪ್‌ಸೆಟ್ಟಿನ ಮೋಟಾರು ಸುತ್ತುವ ಕೆಲಸ, ಜೊತೆಗೆ ಈ ಗಾಡಿ. ಬಂದಾಗ ಅವನ ಕಣ್ಣುಗಳೂ ಕೆಂಪಗಿದ್ದವು. "ಗಡಿ ಹತ್ರ ಏನೂ ಕಾಣ್ತಿಲ್ರೀ ರುದ್ರಣ್ಣ, ಬರಾಕೇ ಬಾಳ ಹೊತ್ತಾತು. ಲಗೂ ಹತ್ತಿಸ್ರಿ" ಎಂದ. ಅಕ್ಕನಿಗೆ ನಡೆಯಲಾಗಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿ ತಂದು ಗಾಡಿಯ ನಡುವಿನ ಸೀಟಿಗೆ ದಾಟಿಸಿದೆವು. ಕುರ್ಚಿಯನ್ನು ಭಾವ, ಏಕೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ, ಹಿಂದಕ್ಕೆ ತುರುಕಿದರು.

ಗಡಿಯ ಹತ್ತಿರ ಬರುತ್ತಿದ್ದಂತೆ ರಸ್ತೆ ಮುಗಿದುಹೋಯಿತು. ದೀಪ ಹಾಕಿದರೆ ಬೆಳಕು ಹೊಗೆಗೆ ಬಡಿದು ನಮ್ಮ ಮುಖಕ್ಕೇ ವಾಪಸಾಗುತ್ತಿತ್ತು, ಆರಿಸಿದರೆ ಬೂದುಬಣ್ಣದ ಗೋಡೆ. ಬಲಕ್ಕೆ ರಾಶಿ ಎಲ್ಲಿ ಶುರುವಾಗುತ್ತದೆಂದು ತಿಳಿಯದು, ಎಡಕ್ಕೆ ಹಳ್ಳ ಎಲ್ಲಿ ಬಾಯ್ತೆರೆದಿದೆಯೆಂದು ತಿಳಿಯದು. ಬಾಬಣ್ಣ ಗಾಡಿ ನಿಲ್ಲಿಸಿದ. ಹಿಂದಿನಿಂದ ಆ ಸಿಳ್ಳೆ, ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಮೊದಲಿಗಿಂತ ಕಡಿಮೆ ಬಿಡುವು. ನಾನು ಕೆಳಗಿಳಿದೆ. ನಾಲ್ಕು ಹೆಜ್ಜೆ ಮುಂದೆ ಹೋಗಿ ಕಾಲಿನಿಂದ ಡಾಂಬರಿನ ಅಂಚನ್ನು ತಡಕುತ್ತಿದ್ದಾಗ ಬಾಬಣ್ಣ ಕಿಟಕಿಯಿಂದ ಕೂಗಿದ: "ಸರ್ವೆ ಸಾರ್, ನಿಮ್ಮ ಪಂಚೆ ಒಂದು ಕಾಣ್ತೈತೆ ನೋಡ್ರಿ. ಹಂಗೇ ನಡೀರಿ, ಅದನ್ನ ಹಿಡ್ಕಂಡು ಬರ್ತೀನಿ."

ನಾನು ನಡೆದೆ. ಕರವಸ್ತ್ರವನ್ನು ಮೂಗಿಗೆ ಒತ್ತಿ, ಕಣ್ಣಲ್ಲಿ ನೀರು ಸುರಿಸುತ್ತ, ಒಂದು ಕಾಲನ್ನು ಡಾಂಬರಿನ ಮೇಲೂ ಇನ್ನೊಂದನ್ನು ಅಂಚಿನ ಮಣ್ಣಿನ ಮೇಲೂ ಇಟ್ಟು, ಎಷ್ಟೋ ವರ್ಷ ಹೊಲದ ಬದುಗಳ ಮೇಲೆ ನಡೆದ ಅಭ್ಯಾಸವನ್ನೇ ನಂಬಿ ನಡೆದೆ. ನನ್ನ ಹಿಂದೆ ಎಂಜಿನ್ನಿನ ಗುರುಗುರು, ಅದರೊಳಗೆ ಅಕ್ಕನ ಸಿಳ್ಳೆ. ಆ ಸದ್ದು ಕೇಳಿಸುತ್ತಿರುವ ತನಕ ಅವಳು ಇದ್ದಾಳೆ ಎಂದುಕೊಂಡೆ. ಎಂಜಿನ್ನು ಜೋರಾಗಿ ಅದು ಕೇಳಿಸದಾದಾಗಲೆಲ್ಲ ನಿಂತೆ. ಬಲಗೆನ್ನೆಗೆ ಬಿಸಿ ತಾಗಿದಾಗ ರಾಶಿ ಬಂತೆಂದು ತಿಳಿಯಿತು. ನನಗೆ ಲೆಕ್ಕ ತಪ್ಪಿತು. ಗಡಿಕಲ್ಲು ಇನ್ನೂ ಮುಂದಿದೆ, ಭಾವನ ರಾಶಿ ಅದರಾಚೆಗಿದೆ. ಈಚೆಗೆ ಹೊಗೆಯಾಡುತ್ತಿರುವ ಈ ರಾಶಿ ಯಾರದು?

ಉತ್ತರ ಎದುರಿನಿಂದಲೇ ಬಂತು. ಮೊದಲು ಹಾರ್ನಿನ ಸದ್ದು, ಆಮೇಲೆ ಎರಡು ಹಳದಿ ದೀಪ, ನನ್ನ ಎದೆಯಿಂದ ಒಂದು ಮಾರು ದೂರಕ್ಕೆ ಬಂದು ನಿಂತ ಟ್ರ್ಯಾಕ್ಟರಿನ ಮೂತಿ. ಅದರ ಹಿಂದಿನ ಟ್ರೇಲರಿನ ತುಂಬ, ಗಂಟಲಿನ ಮಟ್ಟಕ್ಕೆ, ಅಡಿಕೆ ಸಿಪ್ಪೆ. ಆಚೆ ಊರಿನವರು ಗಾಳಿ ತಿರುಗಿದ್ದನ್ನು ನಮಗಿಂತ ಮೊದಲೇ ಗಮನಿಸಿ, ನಾನು ಪೊದೆ ಸರಿಸಿ ತೋರಿಸಿದ ಅದೇ ಕಲ್ಲನ್ನು ನೋಡಿಕೊಂಡು, ತಮ್ಮ ಗಡಿಯಾಚೆಗೆ, ಅಂದರೆ ನಮ್ಮ ಗಡಿಯೀಚೆಗೆ, ಆಗಲೇ ಸುರಿಯತೊಡಗಿದ್ದರು. ಟ್ರ್ಯಾಕ್ಟರಿನ ಮೇಲೆ ಇಬ್ಬರಿದ್ದರು. ರಸ್ತೆ ಒಂದೇ ಗಾಡಿಯ ಅಗಲ. ತುಂಬಿದ ಟ್ರೇಲರನ್ನು ಆ ಕುರುಡು ಹೊಗೆಯಲ್ಲಿ ಹಳ್ಳದ ಪಕ್ಕ ಹಿಂದಕ್ಕೆ ತಳ್ಳುವುದು ಸಾಧ್ಯವಿರಲಿಲ್ಲ. ನಾವು ಹಿಂದಕ್ಕೆ ಹೋದರೆ ಊರು ಬಳಸಿ ಚನ್ನಗಿರಿ ಮುಟ್ಟುವ ಹೊತ್ತಿಗೆ ಏನಾಗುತ್ತಿತ್ತೆಂದು ನಾನು ಈಗಲೂ ಯೋಚಿಸಲಾರೆ.

ಭಾವ ಇಳಿದು ಬಂದರು. ಟ್ರೇಲರನ್ನು ನೋಡಿದರು, ಟ್ರ್ಯಾಕ್ಟರಿನವನನ್ನು ನೋಡಿದರು. ಬೇರೆ ಯಾವ ದಿನವಾದರೂ ಅಲ್ಲಿ ಕೈಕೈ ಹತ್ತುತ್ತಿತ್ತು. ಅಂದು ಅವರ ಬಾಯಿಂದ ಹೊರಟದ್ದು, "ಒಳಗೆ ನಮ್ಮ ಮನೆಯಾಕಿ ಅದಾಳಪ್ಪ. ಉಸಿರು ಸಿಗವಲ್ದು" ಎಂಬಷ್ಟೇ ಮಾತು, ಅದೂ ಬೇಡುವ ದನಿಯಲ್ಲಿ. ಟ್ರ್ಯಾಕ್ಟರಿನವನು ಎಂಜಿನ್ ಆರಿಸಿದ. ಆಮೇಲೆ ಎಲ್ಲ ಒಟ್ಟೊಟ್ಟಿಗೆ ನಡೆಯಿತು. ಬಾಬಣ್ಣ ತನ್ನ ತಮ್ಮನಿಗೆ ಫೋನು ಹಚ್ಚಿ, "ಕಾರು ತಂದು ಹೊಗೆ ಮುಗಿಯೋ ತಾವ ನಿಲ್ಸು, ದೀಪ ಹಚ್ಚಿಟ್ಕ" ಎಂದ. ಭಾವ ಕುರ್ಚಿ ಎಳೆದು ತಂದರು. ಅಕ್ಕನನ್ನು ಕೂರಿಸಿ, ಭಾವ, ಬಾಬಣ್ಣ, ಟ್ರ್ಯಾಕ್ಟರಿನ ಇಬ್ಬರು, ನಾಲ್ಕು ಕಾಲಿಗೆ ನಾಲ್ವರಂತೆ ಕುರ್ಚಿಯನ್ನು ಎತ್ತಿದರು. ನಾನು ಏನು ಮಾಡಬೇಕೆಂದು ತಿಳಿಯದೆ ಒಂದು ಗಳಿಗೆ ನಿಂತು, ಉಟ್ಟ ಪಂಚೆಯನ್ನು ಬಿಚ್ಚಿ, ಟ್ರ್ಯಾಕ್ಟರಿನಲ್ಲಿದ್ದ ನೀರಿನ ಕ್ಯಾನನ್ನು ಅದರ ಮೇಲೆ ಬಗ್ಗಿಸಿ, ತೊಯ್ದ ಬಟ್ಟೆಯನ್ನು ಅಕ್ಕನ ತಲೆಯ ಮೇಲೆ, ಮುಖಕ್ಕೆ ತಾಗದಂತೆ, ಎರಡೂ ಕೈಯಿಂದ ಚಪ್ಪರದ ಹಾಗೆ ಹಿಡಿದೆ. ಹೀಗೆ ಎರಡು ಊರಿನವರ ಎದುರಿನಲ್ಲಿ, ಮಾಜಿ ಸರ್ಕಾರಿ ನೌಕರನಾದ ನಾನು, ಪಟ್ಟೆಪಟ್ಟೆಯ ಚಡ್ಡಿಯಲ್ಲಿ ನಿಂತಿದ್ದೆ. ನಗಲು ಯಾರಿಗೂ ಬಿಡುವಿರಲಿಲ್ಲ.

ಟ್ರೇಲರಿಗೂ ರಾಶಿಗೂ ನಡುವಿನ ಸಂದಿಯಲ್ಲಿ, ಕಾಲಕೆಳಗೆ ಬಿಸಿ ಬೂದಿಯನ್ನು ತುಳಿಯುತ್ತ, ಒಬ್ಬರ ಕೆಮ್ಮಿಗೆ ಇನ್ನೊಬ್ಬರು ನಿಲ್ಲುತ್ತ ದಾಟಿದೆವು. ಒಂದು ಕಡೆ ನನ್ನ ಕಾಲಿನ ಹೆಬ್ಬೆರಳು ಕಲ್ಲಿಗೆ ಬಡಿಯಿತು. ನೋಡದೆಯೇ ನನಗೆ ಗೊತ್ತಾಯಿತು, ಅದು ಗಡಿಕಲ್ಲು. ಮೊರದಲ್ಲಿ ಹೊತ್ತು ತಂದು ಇಳಿಸುತ್ತಿದ್ದ ಜಾಗ ಅದು, ಇಳಿಸಿ ಹಿಂದಿರುಗಿ ನೋಡದೆ ಹೋಗುತ್ತಿದ್ದ ಜಾಗ. ಕುರ್ಚಿ ಅಲ್ಲಿ ಇಳಿಯಲಿಲ್ಲ. ಎರಡು ಊರಿನ ಕೈಗಳು ಆಗಲೇ ಅದರ ಕೆಳಗಿದ್ದವು. ಅಕ್ಕನ ತಲೆ ಭಾವನ ತೋಳಿನ ಕಡೆಗೆ ವಾಲಿತ್ತು. ಸಿಳ್ಳೆ ನಿಂತಿತ್ತು. ಉಬ್ಬಸದವರಲ್ಲಿ ಸದ್ದು ನಿಲ್ಲುವುದು ಸುಧಾರಿಸಿದ ಗುರುತಲ್ಲವೆಂದು ಅವಳ ಜೊತೆ ಬೆಳೆದ ನನಗೆ ಗೊತ್ತಿತ್ತು, ಭಾವನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಮುಂದೆ ಕಾರಿನ ದೀಪ ಮೊದಲು ಒಂದು ಕಲೆಯಾಗಿ, ಆಮೇಲೆ ದೀಪವಾಗಿ ಕಂಡಿತು.

ಆಸ್ಪತ್ರೆಯಲ್ಲಿ ಮೂಗು ಬಾಯಿಗೆ ಹಬೆಯ ಮುಚ್ಚಳ ಹಾಕಿ, ಸೂಜಿ ಚುಚ್ಚಿ, ಆಮ್ಲಜನಕ ಕೊಟ್ಟರು. ಕಾರಿಡಾರಿನ ಬೆಂಚಿನ ಮೇಲೆ ಭಾವ ತಮ್ಮ ಹೆಗಲ ಟವಲನ್ನು ನನ್ನ ಸೊಂಟಕ್ಕೆ ಸುತ್ತಲು ಕೊಟ್ಟರು. ಗೋಡೆಯನ್ನು ನೋಡುತ್ತ, "ಗಡಿ ಕಲ್ಲು ನೀನು ಸರ್ಯಾಗೇ ತೋರ್ಸಿದ್ದಿ ಬಸವರಾಜ" ಎಂದರು. ನಿಂದೆಯೋ ಸಮಾಧಾನವೋ ತಿಳಿಯಲಿಲ್ಲ; ನಾನು ಹೂಂ ಎಂದೆ. ಬಾಬಣ್ಣ ಚಹಾ ತಂದ. ಅವನೂ ಗೋಡೆಗೇ ಹೇಳುವಂತೆ, "ನಮ್ಮೂರಾಗೆ ಗಣೇಶನ ಹಬ್ಬದಿಂದ ಕಿಟಕಿ ತೆಗೆದಿಲ್ರೀ ರುದ್ರಣ್ಣ" ಎಂದ. ಸಿಟ್ಟಿನಿಂದ ಹೇಳಿದ್ದರೆ ಭಾವ ಏನಾದರೂ ಮರುನುಡಿಯುತ್ತಿದ್ದರು. ಆಮೇಲೆ ಒಳಗಿನಿಂದ ನರ್ಸು ಬಂದು, ಪೇಶೆಂಟು ಮಾತಾಡುತ್ತಿದ್ದಾರೆ, ಯಾರೋ ಚಡ್ಡಿಯಲ್ಲಿ ಬಂದಿದ್ದಾರಂತೆ, ಅವರಿಗೆ ಮೊದಲು ಮನೆಗೆ ಹೋಗಲು ಹೇಳಬೇಕಂತೆ ಎಂದಳು. ಭಾವ ಟವಲಿಲ್ಲದ ಹೆಗಲಿಗೆ ಮುಖ ಒರಸಿಕೊಂಡು ಅತ್ತರು.

ಮರುದಿನ ಭಾವನೇ ಜೆಸಿಬಿ ತರಿಸಿ ರಾಶಿಯನ್ನು ಹರವಿಸಿ ನೀರು ಹೊಡೆಸಿದರು. ಕಲ್ಲಿನ ಈಚೆಯ ರಾಶಿಯನ್ನೂ ಯಾರನ್ನೂ ಕೇಳದೆ ಹರವಿಸಿದರು. ಟ್ರ್ಯಾಕ್ಟರಿನವನು ತನ್ನ ಲೋಡನ್ನು ಎತ್ತಲೋ ಒಯ್ದ. ಈಗ ಭಾವ ಸಿಪ್ಪೆಯನ್ನು ಗುಂಡಿಯಲ್ಲಿ ಕೊಳೆಸುತ್ತಿದ್ದಾರೆ. ಎಲ್ಲವನ್ನೂ ಅಲ್ಲ, ಗುಂಡಿ ಹಿಡಿದಷ್ಟನ್ನು. ಉಳಿದದ್ದು ಎಲ್ಲಿಗೆ ಹೋಗುತ್ತದೆಂದು ನಾನು ಕೇಳಿಲ್ಲ. ಎರಡು ಊರುಗಳ ನಡುವಿನ ಬೆಂಕಿ ಆರಿತು, ಉಳಿದ ಊರುಗಳ ನಡುವಿನ ಬೆಂಕಿಗಳು ಇವೆ. ಚಳಿ ಮುಗಿಯುವ ತನಕ ಅಕ್ಕ ಅಲ್ಲಿರಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರಿಂದ ಅವಳನ್ನು ಜಗಳೂರಿನಲ್ಲಿರುವ ಮಗಳ ಮನೆಗೆ ಕಳಿಸಿದೆವು. ಮೂಡಗಾಳಿ ನಮ್ಮನ್ನು ಮುಟ್ಟುವ ಮೊದಲು ಜಗಳೂರನ್ನು ಹಾಯುತ್ತದೆ; ಅಲ್ಲಿ ದೂಳಿದೆ, ನಮ್ಮ ಸಿಪ್ಪೆಯ ಹೊಗೆಯಿಲ್ಲ. ತನ್ನ ಮನೆ, ತನ್ನ ಮಲ್ಲಿಗೆ, ತನ್ನ ಹಟಮಾರಿ ಗಂಡನನ್ನು ಬಿಟ್ಟು ಅಳಿಯನ ಮನೆಯಲ್ಲಿ ಕೂರುವುದು ಅವಳಿಗೆ ಎಷ್ಟು ಕಷ್ಟವೆಂಬುದನ್ನು ಅವಳು ದಿನವೂ ಬೆಳಿಗ್ಗೆ ನನಗೆ ಫೋನು ಮಾಡಿ ಕೇಳುವ ಒಂದೇ ಪ್ರಶ್ನೆಯಿಂದ ಬಲ್ಲೆ: "ಪಂಚೆ ಯಾವ ಕಡೀಗೆ ಹಾರ್ತೈತಪ್ಪ?"

ಹೀಗೆ ನನ್ನ ಪಂಚೆಗೆ ಹೊಸ ಉದ್ಯೋಗ ಸಿಕ್ಕಿತು. ಅಂದು ಬಿಚ್ಚಿದ ಆ ಪಂಚೆ ಎಷ್ಟು ಒಗೆದರೂ ಬಿಳಿಯಾಗಲಿಲ್ಲ, ಸರೋಜ ಅದನ್ನು ಕೈಮಸಿಬಟ್ಟೆ ಮಾಡಿಕೊಂಡಳು. ಹೊಸದೊಂದು ತಂತಿ ಏರಿತು. ದಿನವೂ ಮಾಳಿಗೆ ಹತ್ತಿ ನೋಡುತ್ತೇನೆ. ಪಡುವಣಕ್ಕೆ ಹಾರುತ್ತಿದ್ದರೆ, ಅಂದರೆ ಗಾಳಿ ಇನ್ನೂ ಮೂಡಣದಿಂದಲೇ ಬರುತ್ತಿದ್ದರೆ, "ಇನ್ನೂ ಇಲ್ಲಕ್ಕ" ಎನ್ನುತ್ತೇನೆ. ಅವಳು ಸುಮ್ಮನಾಗುತ್ತಾಳೆ. ಅದು ಉಸಿರಿಗಾಗಿ ನಿಂತ ನಿಲುಗಡೆಯೋ ಬೇರೆಯದೋ ಫೋನಿನಲ್ಲಿ ತಿಳಿಯುವುದಿಲ್ಲ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಪಂಚೆ ತಂತಿಯ ಇನ್ನೊಂದು ಮಗ್ಗುಲಿಗೆ ಹಾರುತ್ತಿತ್ತು. ಸಂತೇಬೆನ್ನೂರಿನ ಪಡುವಣ ತುದಿಯಲ್ಲಿರುವ ನಮ್ಮ ಮಾಳಿಗೆಯ ಮೇಲೆ ಬಹಳ ದಿನಗಳ ನಂತರ ಗಾಳಿ ಬರೀ ಗಾಳಿಯಾಗಿತ್ತು. ಊರಿನ ಮೂಡಣದಾಚೆ ಯಾರದೋ ಹಳೆಯ ರಾಶಿಯಿಂದ ಎದ್ದ ಹೊಗೆ ನಮಗೆ ಬೆನ್ನು ತಿರುಗಿಸಿ ಮೂಡಣಕ್ಕೆ ಹೋಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ಅವಳು ಕೇಳುವ ಮೊದಲೇ ನಾನೇ ಫೋನು ಮಾಡಿ, "ಅಕ್ಕ, ತಿರುಗೈತೆ. ಇನ್ನು ನೀನು ಊರಿಗೆ ಬರಬಹುದು" ಎಂದೆ. ಅವಳು ಸಂತೋಷದಿಂದ ಏನಾದರೂ ಹೇಳುತ್ತಾಳೆಂದು ಕಾದೆ.

"ಹಂಗಾದ್ರೆ" ಎಂದಳು ಅಕ್ಕ. ಉಸಿರಿಗೆ ನಿಂತಳು. ನಾನು ಕಾದೆ. "ಹಂಗಾದ್ರೆ ಇವತ್ತಿನಿಂದ ಹೊಗೆ ಬಾಬಣ್ಣನ ಮನೆ ಕಡೀಗೆ ಹೋಗ್ತೈತೆ ಅಂದಂಗಾತು."

ಫೋನು ಇಟ್ಟು ಪಂಚೆಯನ್ನು ತಂತಿಯಿಂದ ತೆಗೆದು ಬೆಳಕಿಗೆ ಹಿಡಿದು ನೋಡಿದೆ. ಒಂದು ಚುಕ್ಕೆಯೂ ಇರಲಿಲ್ಲ. ಅದನ್ನು ಮಡಿಸಿ ಒಳಗಿಟ್ಟು, ಆ ದಿನ ನಾನು ಚುಕ್ಕೆ ಬಿದ್ದ ಹಳೆಯದೊಂದನ್ನೇ ಉಟ್ಟುಕೊಂಡೆ.